ಹೆಗಲ ಮೇಲೆ ಬಿಚ್ಚುವ ರವಿಕೆ

ನಮ್ಮ ಅತ್ತೆ ಬೆಳಿಗ್ಗೆ ಎದ್ದವರು ಮುಖ ತೊಳೆದು, ತಲೆ ಬಾಚಿ, ಒಗೆದ ಸೀರೆ ಉಟ್ಟ ಮೇಲೆಯೇ ಒಲೆಯ ಮುಂದೆ ಬರುತ್ತಿದ್ದರು. ಕರ್ತನ ಬರೋಣ, ಅಂದರೆ ಯೇಸು ಮತ್ತೆ ಬರುವುದು, ಯಾವ ಗಳಿಗೆಯಲ್ಲೋ ಯಾರಿಗೆ ಗೊತ್ತು, ಬಂದಾಗ ಮಾಸಿದ ಬಟ್ಟೆಯಲ್ಲಿರಬಾರದು ಎನ್ನುತ್ತಿದ್ದರು. ಅಗಳಿಯ ಕಡೆಯಿಂದ ರಾಯದುರ್ಗಕ್ಕೆ ಸೊಸೆಯಾಗಿ ಬಂದ ಹೊಸದರಲ್ಲಿ ನನಗೆ ಇದು ಬೆರಗು. ತವರಿನಲ್ಲಿ ನಾವೂ ಸಭೆಗೆ ಹೋಗುವವರೇ. ಆದರೆ ನಮ್ಮದು ಭಾನುವಾರದ ಭಕ್ತಿ. ಅತ್ತೆಗೆ ಮಾತ್ರ ಕರ್ತನು ಆಗಲೇ ಬಸ್ಸು ಹತ್ತಿ ಹೊರಟಿದ್ದಾನೆ ಅನ್ನುವಷ್ಟು ನಂಬಿಕೆ.

ನನ್ನದು ಜೀನ್ಸ್ ಹೊಲಿಗೆ. ರಾಯದುರ್ಗದಲ್ಲಿ ಓಣಿ ಓಣಿಯಲ್ಲೂ ಆ ಕೆಲಸ ಇದೆ. ನಾನು ಮನೆ ಹತ್ತಿರದ ಒಂದು ಕಡೆ ಕೂತು ಪ್ಯಾಂಟುಗಳಿಗೆ ಜೇಬು ಹೊಲಿಯುತ್ತಿದ್ದೆ. ಒಂದು ಭಾನುವಾರ ಪಾಸ್ಟರು ತಲಾಂತುಗಳ ಸಾಮ್ಯ ಹೇಳಿದರು. ಒಡೆಯ ದೂರದೇಶಕ್ಕೆ ಹೋಗುವಾಗ ಆಳುಗಳ ಕೈಗೆ ತನ್ನ ಸೊತ್ತು ಒಪ್ಪಿಸಿದ್ದು, ಒಬ್ಬ ಅದನ್ನು ಮಣ್ಣಲ್ಲಿ ಹೂತಿಟ್ಟಿದ್ದು. ಹೇಳಿ ಮುಗಿಸಿ, ದೇವರು ನಿಮಗೆ ಕೊಟ್ಟ ವರ ಯಾವುದು ಎಂದು ಒಬ್ಬೊಬ್ಬರನ್ನೇ ಕೇಳುತ್ತ ಬಂದರು. ಒಬ್ಬಳು ಹಾಡು ಎಂದಳು, ಇನ್ನೊಬ್ಬರು ಪ್ರಾರ್ಥನೆ ಎಂದರು. ನಾನು ತಲೆ ತಗ್ಗಿಸಿ, “ನಂಗೇನೂ ಕೊಟ್ಟಿಲ್ಲ ಅಯ್ಯನೋರೆ, ಜೇಬು ಹೊಲಿಯಾಕೆ ಬರ್ತೈತೆ ಅಷ್ಟೇ” ಅಂದೆ. ಕೆಲವರು ನಕ್ಕರು. ಅತ್ತೆ ನಗಲಿಲ್ಲ.

ಮರುವರ್ಷ ಅತ್ತೆಗೆ ಲಕ್ವ ಹೊಡೆಯಿತು. ಮಾತು ಉಳಿಯಿತು, ನಡಿಗೆ ನಿಧಾನಕ್ಕೆ ಮರಳಿತು. ಬಲಗೈ ಮಾತ್ರ ಪಕ್ಕೆಗೆ ಅಂಟಿಕೊಂಡು ನಿಂತುಬಿಟ್ಟಿತು. ರವಿಕೆಯ ತೋಳಿಗೆ ಅದನ್ನು ತೂರಿಸಲು ಹೋದರೆ ನೋವಿಗೆ ಕಿರುಚುತ್ತಿದ್ದರು. ಬೇರೆ ದಾರಿಯಿಲ್ಲದೆ ದೊಗಳೆ ನೈಟಿ ಹಾಕಿದೆವು. ಅಂದಿನಿಂದ ಅವರು ಹೊಸ್ತಿಲು ದಾಟುವುದನ್ನೇ ಬಿಟ್ಟರು.

“ಅತ್ತೆ, ಆಟೋ ಬಂದೈತೆ, ಸಭೆಗೆ ಹೋಗಾನ ಬನ್ನಿ” ಎಂದು ಒಂದು ಭಾನುವಾರ ಕರೆದೆ.

“ನಾ ಬರಂಗಿಲ್ಲ. ಈ ನೈಟಿಯಾಗ ನಾಕು ಮಂದಿ ಮುಂದ ಕುಂದ್ರಲೇನು? ಕರ್ತ ಈಗ ಬಂದ ಅಂದ್ರ, ಇದ್ರಾಗ ಎದ್ದು ಹೋಗ್ಬೇಕೇನು ನಾನು? ಹೇಳು!”

ಆಟೋದವನನ್ನು ಕಳಿಸಿ, ಅವರ ಹಳೆಯ ರವಿಕೆಯೊಂದನ್ನು ತಂದು ಹೊಲಿಗೆ ಬಿಚ್ಚುತ್ತ ಕೂತೆ.

ಮೊದಲು ಹೊಲಿದದ್ದು ಕೈಗೆ ಏರಲಿಲ್ಲ. ಆಮೇಲೆ ಬಲಗಡೆ ಕೊರಳಿನಿಂದ ತೋಳಿನ ಅಂಚಿನವರೆಗೆ ಮೇಲ್ಭಾಗವನ್ನೆಲ್ಲ ತೆರೆದು, ಚಪ್ಪಲಿಗೆ ಇರುತ್ತದಲ್ಲ, ಚರ್ರೆಂದು ಬಿಚ್ಚುವ ಅಂಟುಪಟ್ಟಿ, ಅದನ್ನು ಕೂರಿಸಿದೆ. ಕೈ ಎತ್ತುವ ಕೆಲಸವೇ ಇಲ್ಲ. ಬಟ್ಟೆಯನ್ನು ಕಂಕುಳಲ್ಲಿ ಮೆಲ್ಲಗೆ ಸರಿಸಿ ಹೆಗಲ ಮೇಲೆ ಮುಚ್ಚಿದರಾಯಿತು. ಆದರೆ ಪಟ್ಟಿಯ ಅಂಚು ಉಜ್ಜಿ ಕೊರಳು ಕೆಂಪಾಯಿತು. ಹಳೆಯ ನೂಲಿನ ಸೀರೆಯ ತುಂಡು ಒಳಗೆ ಕೊಟ್ಟು ಮತ್ತೆ ಹೊಲಿದೆ. ಅದನ್ನು ಹಾಕಿ, ಸೀರೆ ಉಡಿಸಿ, ಸೆರಗು ಹೊದಿಸಿದಾಗ ಅತ್ತೆ ಎಡಗೈಯಲ್ಲಿ ಹೆಗಲು ಮುಟ್ಟಿ ನೋಡಿಕೊಂಡರು. “ಕನ್ನಡಿ ತಾರವ್ವ” ಅಂದರು.

ಮುಂದಿನ ಭಾನುವಾರ ಸಭೆಯಲ್ಲಿ, ದೇವರು ಮಾಡಿದ ಉಪಕಾರಕ್ಕೆ ಒಬ್ಬೊಬ್ಬರು ಸಾಕ್ಷಿ ಹೇಳುವ ಹೊತ್ತಿಗೆ, ಅತ್ತೆ ಎದ್ದು ನಿಂತರು. ನಾನು ಅವರ ಸೊಂಟ ಹಿಡಿದುಕೊಂಡಿದ್ದೆ.

“ನನ್ನ ಸೊಸಿ ದೇವರು ತನಗೇನೂ ಕೊಟ್ಟಿಲ್ಲ ಅಂದಿದ್ಲು, ನೆನಪೈತೇನ್ರಿ? ಅವನು ಅಕಿಗೆ ಕೊಟ್ಟಿದ್ದನ್ನ ನಾ ಇವತ್ತು ಮೈಮ್ಯಾಲ ಹಾಕ್ಕೊಂಡು ಬಂದೀನಿ. ಬಂದು ನೋಡ್ರಿ.”

ಹೆಂಗಸರು ನಿಜಕ್ಕೂ ಎದ್ದು ಬಂದು ನೋಡಿದರು. ಹೆಮ್ಮೆ ಪಡಬಾರದು ಎಂದು ಕಲಿತು ಬೆಳೆದವಳು ನಾನು. ಆ ದಿನ ಎಷ್ಟು ತಡೆದರೂ ಎದೆ ಉಬ್ಬಿಯೇ ಉಬ್ಬಿತು.

ಮಾತು ಬಾಯಿಂದ ಬಾಯಿಗೆ ಹೋಯಿತು. ಕಣೇಕಲ್ಲಿನಿಂದ ಒಬ್ಬಾಕೆ ಬಂದಳು. ಅವಳ ಗಂಡ ಗದ್ದೆಗೆ ಹೋಗುವಾಗ ಕಾಲುವೆ ಏರಿಯ ಮೇಲಿಂದ ಬಿದ್ದು ಬೆನ್ನು ಮುರಿದುಕೊಂಡಿದ್ದ, ಮಲಗಿದಲ್ಲೇ ಅಂಗಿ ತೊಡಿಸಬೇಕಿತ್ತು. ಬಾಗಿಲಲ್ಲೇ ನಿಂತು, “ನಾವು ನಿಮ್ಮ ಸಭಿಯವರಲ್ರಿ, ಹೊಲ್ಕೊಡ್ತೀರೇನ್ರಿ?” ಅಂದಳು. ನಾನು ಬಾಯಿ ತೆರೆಯುವ ಮೊದಲೇ ಮಂಚದ ಮೇಲಿಂದ ಅತ್ತೆ, “ಒಳಗ ಬಾರವ್ವ, ಅಳತಿ ಅಂಗಿ ತಂದೀಯೇನು?” ಎಂದು ಕೇಳಿದ್ದರು. ಆಪರೇಷನ್ ಮಾಡಿ ಒಂದು ಎದೆ ತೆಗೆದಿದ್ದ ಟೀಚರೊಬ್ಬರಿಗೆ ಆ ಕಡೆ ಒಳಗೆ ಹತ್ತಿ ಇಟ್ಟು ರವಿಕೆ ಹೊಲಿದೆ. ಅವರು ಕನ್ನಡಿಯ ಮುಂದೆ ಬಹಳ ಹೊತ್ತು ನಿಂತಿದ್ದು, ನನ್ನ ಕೈ ಹಿಡಿದುಕೊಂಡರು. ಹಗಲು ಜೇಬು, ಸಂಜೆ ಇಂಥ ಬಟ್ಟೆ. ದಣಿವಾಗುತ್ತಿತ್ತು, ಬೇಸರವಾಗುತ್ತಿರಲಿಲ್ಲ. ಈಗ ನಾನೂ ಅತ್ತೆಯಂತೆ ಕಾಯುತ್ತೇನೆ. ಕರ್ತನು ಬಂದಾಗ ಯಾರದೋ ತೋಳಿನ ಅಳತೆ ತೆಗೆಯುತ್ತಿದ್ದರೆ ಸಾಕು ಅನ್ನಿಸುತ್ತದೆ.

ಹೋದ ಬೇಸಿಗೆಯಲ್ಲಿ ತವರಿಗೆ ಹೋಗಿದ್ದಾಗ ಅಲ್ಲೇ ಹತ್ತಿರದ ರತ್ನಗಿರಿಯ ಒಬ್ಬಳು ಹುಡುಕಿಕೊಂಡು ಬಂದಳು. ಕುರಿ ಸಾಕುವ ಮನೆಯವಳು. ಅವಳ ತಾಯಿಗೂ ಲಕ್ವ. ಹೊಲಿಗೆ ಅಲ್ಪಸ್ವಲ್ಪ ಬರುತ್ತಿತ್ತು. ನನಗೆ ಗೊತ್ತಿದ್ದದ್ದನ್ನೆಲ್ಲ ಕೂರಿಸಿಕೊಂಡು ಹೇಳಿಕೊಟ್ಟೆ. ಮತ್ತೆ ತವರಿಗೆ ಹೋದಾಗ ತಾನೇ ಹೊಲಿದ ರವಿಕೆ ಹಿಡಿದು ಬಂದಳು. ಅಂಟುಪಟ್ಟಿಯ ಜಾಗದಲ್ಲಿ ಸಾಲಾಗಿ ಪುಟ್ಟ ಲಾಡಿಗಳು.

“ನಮ್ಮನೇಲಿ ಕುರಿ ಉಣ್ಣೆ ಹಾರಾಡ್ತಿರ್ತೈತೆ ಕಣಕ್ಕ. ನಿನ್ನ ಪಟ್ಟಿಗೆ ಅದು ತುಂಬ್ಕಂಡು ಅಂಟ್ತಾನೇ ಇರ್ಲಿಲ್ಲ. ಅದ್ಕೇ ಲಾಡಿ ಹಾಕ್ದೆ. ತಪ್ಪಾಯ್ತಾ?”

ರವಿಕೆಯ ಒಳಮಗ್ಗುಲು ತಿರುವಿ ನೋಡಿದೆ. ಗಂಟು ಮೈಗೆ ಒತ್ತದ ಹಾಗೆ ಲಾಡಿಯ ಕೆಳಗೆ ಮೆತ್ತನೆಯ ಮಡಿಕೆ ಕೊಟ್ಟಿದ್ದಳು. ನನಗೆ ಅದು ಹೊಳೆದಿರಲಿಲ್ಲ. ಸಭೆಯಲ್ಲಿ ಅತ್ತೆ ಹೊಗಳಿದಾಗಲೂ ನನಗೆ ಅಷ್ಟು ಹೆಮ್ಮೆಯಾಗಿರಲಿಲ್ಲ.

“ತಪ್ಪೇನು ಬಂತು, ನಾನು ಹೊಲಿದಿದ್ದಕ್ಕಿಂತ ಚೆನ್ನಾಗೈತೆ. ಕೂತ್ಕ, ಈ ಮಡಿಕೆ ಎಂಗೆ ಕೊಟ್ಟೆ ನಂಗೂ ತೋರ್ಸು” ಅಂದೆ.

ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಕೂತೆವು. ಅವಳು ತೋರಿಸಿದಳು, ನಾನು ಕಲಿತೆ.