ಉಪವಾಸದ ದಿನದ ಕಾಫಿ

ಆಸ್ಪತ್ರೆಯ ಆ ನರ್ಸ್ ಕಾಫಿಯ ವಿಷಯ ತಾನಾಗಿಯೇ ಕೇಳಿದಳೋ, ನಾನೇ ಬಾಯಿಬಿಟ್ಟೆನೋ, ಈಗ ಖಚಿತವಿಲ್ಲ. ನಾಲ್ಕು ಜನರಿಗೆ ಹೇಳುವಷ್ಟರಲ್ಲಿ ಕಥೆ ನುಣುಪಾಗಿಬಿಟ್ಟಿದೆ. ಆದರೂ ವೆಂಕಟರಮಣನನ್ನು ನಂಬಿದ ನಿಮ್ಮೆದುರು ನೆನಪಿದ್ದಷ್ಟನ್ನು ಇಡುತ್ತೇನೆ.

ಹೋದ ವರ್ಷ, ಬಂಗಾಳಿಗಳ ನಡುವೆ ಬೆಹಾಲಾದಲ್ಲಿರುವ ನಮ್ಮ ಫ್ಲ್ಯಾಟಿನ ಮೆಟ್ಟಿಲು ಹತ್ತಿದರೆ ಎದೆ ಹಿಂಡುತ್ತಿತ್ತು. ಆಂಜಿಯೋಗ್ರಾಮಿನಲ್ಲಿ ದೊಡ್ಡ ರಕ್ತನಾಳಗಳೆಲ್ಲ ಸರಿಯಾಗಿದ್ದವು. ಸಣ್ಣ ನಾಳಗಳ ಒಳಪದರ ಕೆಟ್ಟಿದ್ದರೆ ಅದರಲ್ಲಿ ಕಾಣದೆಂದು ಡಾಕ್ಟರು ಇನ್ನೊಂದು ಪರೀಕ್ಷೆ ಬರೆದರು. ಸಣ್ಣ ಗುಳ್ಳೆಗಳಿರುವ ದ್ರವವನ್ನು ತೋಳಿನಿಂದ ರಕ್ತಕ್ಕೆ ಬಿಟ್ಟು, ನಾಳ ಹಿಗ್ಗಿಸುವ ಔಷಧಿಯನ್ನೂ ಕೊಟ್ಟು, ಹೃದಯದ ಸ್ನಾಯುವಿಗೆ ರಕ್ತ ಹೇಗೆ ತುಂಬುತ್ತದೆಂದು ಅಲ್ಟ್ರಾಸೌಂಡಿನಲ್ಲಿ ನೋಡುವುದು.

ಸೂಚನೆಯ ಹಾಳೆ ನನ್ನ ಗಂಡನ ಕೈಯಲ್ಲಿತ್ತು. "ಖಾಲಿ ಹೊಟ್ಟೆಯಲ್ಲಿ ಹೋಗಬೇಕಂತೆ" ಎಂದರು. ನಾನೂ ಅದನ್ನು ಇಸಿದುಕೊಂಡು ಓದಲಿಲ್ಲ. ಶನಿವಾರ ಹೇಗೂ ನನ್ನ ಉಪವಾಸ. ನಮ್ಮ ಮನೆಯ ಉಪವಾಸಕ್ಕೆ ಕಾಫಿ ಅಡ್ಡಿಯಲ್ಲ, ಅಜ್ಜಿಯ ಕಾಲದಿಂದ ಹಾಗೇ. ಎರಡು ಲೋಟ ಕುಡಿದು ಹೋದೆ. ನರ್ಸ್ ಕೇಳಿದಾಗ ಏನೂ ತಿಂದಿಲ್ಲ ಎಂದೆ. ತೊಂದರೆಯಿಲ್ಲವೆಂದು ವರದಿ ಬಂತು.

ಆಮೇಲೆ ಎಂಟು ತಿಂಗಳು. "ಅಷ್ಟು ದೊಡ್ಡ ಮೆಷಿನ್ನಿಗೆ ಸಿಗದ ನೋವು ನಿನಗೆ ಮಾತ್ರ ಹೇಗೆ ಸಿಗ್ತದೆ ಮಾರಾಯ್ತಿ?" ಎಂದು ಇವರು ಊಟಕ್ಕೆ ಕೂತಾಗಲೆಲ್ಲ ನಗುತ್ತಿದ್ದರು. ಮಗಳು, "ಅಮ್ಮಾ, ಟೆನ್ಶನ್ ಮತ್ ಲೋ. ರಿಪೋರ್ಟ್ ನಾರ್ಮಲ್ ಉಂಟಲ್ಲ" ಎಂದು ಅರ್ಧ ಹಿಂದಿಯಲ್ಲಿ ಸಮಾಧಾನ ಮಾಡುತ್ತಿದ್ದಳು. ನಾನು ದೇವರೆದುರು ವಾಸಿ ಮಾಡು ಎನ್ನಲಿಲ್ಲ. ಏನಾದರೂ ಕೆಟ್ಟದ್ದನ್ನು ತೋರಿಸು ಎಂದು ಬೇಡಿದೆ.

ಅಲಿಪುರದ ಬಸ್ಸಿನಲ್ಲಿ ಕುಸಿದ ಮೇಲೆ ಅದೇ ಪರೀಕ್ಷೆ, ಮತ್ತೆ ಶನಿವಾರ. ನರ್ಸ್ ಬೇರೆಯವಳು. ಉಪವಾಸ ಎಂದೆ.

"ದೀದಿ, ನಿಮ್ಮ ಉಪವಾಸದಲ್ಲಿ ಚಾ ನಡೆಯುತ್ತಾ?" ಎಂದು ಹಿಂದಿಯಲ್ಲಿ ಕೇಳಿದಳು. "ನಮ್ಮತ್ತೆಯದ್ದರಲ್ಲಿ ನಡೆಯುತ್ತೆ. ನಾಲ್ಕು ಕಪ್."

"ಚಾ ಅಲ್ಲ, ಕಾಫಿ."

ಅವಳು ಸೂಜಿ ಕೆಳಗಿಟ್ಟಳು. ಕಾಫಿ ಕುಡಿದಿದ್ದರೆ ಆ ಔಷಧಿ ನಾಳಗಳನ್ನು ಸರಿಯಾಗಿ ಹಿಗ್ಗಿಸದಂತೆ. ಒಳ್ಳೆಯ ಭಾಗಕ್ಕೂ ಕೆಟ್ಟ ಭಾಗಕ್ಕೂ ವ್ಯತ್ಯಾಸವೇ ಕಾಣದಂತೆ. ಜೊತೆಗಿದ್ದ ಮಗಳು ಮಾತ್ರ ಈಗಲೂ, "ಅವಳು ಕೇಳಲಿಲ್ಲ, ನೀನೇ ಹೇಳಿದ್ದು" ಎನ್ನುತ್ತಾಳೆ.

ಮುಂದೂಡಿದ ಪರೀಕ್ಷೆಗೆ ಮಂಗಳವಾರ ಕಾಫಿಯಿಲ್ಲದೆ ಹೋದೆ. ಪರದೆಯ ಮೇಲೆ ಹೃದಯ ಬೆಳಗಿತು. ಒಂದು ಕಡೆ ಮಾತ್ರ ಕಪ್ಪಾಗಿಯೇ ಉಳಿದು, ತಡವಾಗಿ ತುಂಬಿತು. ಸಣ್ಣ ನಾಳಗಳ ಒಳಪದರ ಕೆಟ್ಟಿರುವ ಲಕ್ಷಣ ಎಂದರು ಡಾಕ್ಟರು. ಇವರು ಪರದೆ ನೋಡಿದರು, ನನ್ನನ್ನು ನೋಡಲಿಲ್ಲ. ನಾನು ಕೈಮುಗಿದೆ. ಸಂತೋಷದಿಂದ ಎಂದರೆ ಸುಳ್ಳಾಗುತ್ತದೆ.

ಈಗ ಮಾತ್ರೆಗಳಿವೆ, ಮೆಟ್ಟಿಲು ಹತ್ತುತ್ತೇನೆ. ಶನಿವಾರ ಕಾಫಿಯನ್ನೂ ಬಿಟ್ಟಿದ್ದೇನೆ. ಅವಳು ಕೇಳಿರಲಿ, ನಾನೇ ಹೇಳಿರಲಿ, ಆ ಮಾತು ಆಡಿಸಿದವನು ಸ್ವಾಮಿಯೇ. ಇದರಲ್ಲಿ ನನಗೆ ಸಂಶಯವಿಲ್ಲ. ಮೊದಲ ಸಲವೇ ಯಾಕೆ ಆಡಿಸಲಿಲ್ಲವೋ, ಗೊತ್ತಿಲ್ಲ.