ಒಂದೂ ಮೊಳೆ ಹೊಡೆಯದ ಕಾಕು

ಕಾಕುವಿನ ಮುಂದಿನ ಹಲ್ಲಿನ ಅಂಚಿನಲ್ಲಿ ದಾರ ಕೂರುವಷ್ಟು ಸಣ್ಣದೊಂದು ಕಚ್ಚು ಇತ್ತು. ಇಪ್ಪತ್ತು ವರ್ಷ ದಾರ ಕಡಿದು ಕಡಿದು ಆದದ್ದು. ಆಕೆ ಕತ್ತರಿ ಹುಡುಕಿದ್ದನ್ನು ನಾನು ನೋಡಲೇ ಇಲ್ಲ. ನೂಲಾಗಲಿ, ಸುತಳಿಯಾಗಲಿ, ಬಾಯಿಗೆ ಹೋಗಿ ಟಕ್ಕನೆ ತುಂಡಾಗಿ ಬರುತ್ತಿತ್ತು. ಬಾಯಲ್ಲಿ ದಾರವಿದ್ದಾಗಲೂ ಮಾತು ನಿಲ್ಲುತ್ತಿರಲಿಲ್ಲ. ಹಾಗಾಗಿ ಆಕೆಯ ಅರ್ಧ ಮಾತನ್ನು ನಾವು ಅಂದಾಜಿನ ಮೇಲೆಯೇ ತಿಳಿದುಕೊಳ್ಳಬೇಕಿತ್ತು.

ಚಿಕ್ಕಮ್ಮನನ್ನು ಕರೆಯುವಂತೆ ಕಾಕು ಎನ್ನುತ್ತಿದ್ದರೂ ಆಕೆ ನಮ್ಮ ಬಂಧುವಲ್ಲ. ವಿಜಯಪುರದಲ್ಲಿ ಸೊಲ್ಲಾಪುರ ರಸ್ತೆಯ ಒಳಗಲ್ಲಿಯೊಂದರಲ್ಲಿ ನಮ್ಮ ಮನೆ. ಅದರ ಮೇಲಂತಸ್ತಿನ ಎರಡು ಕೋಣೆಗಳಲ್ಲಿ ನಾಲ್ಕು ವರ್ಷ ಬಾಡಿಗೆಗೆ ಇದ್ದವಳು. ಗಂಡ ಲಾರಿ ಡ್ರೈವರ್, ತಿಂಗಳಲ್ಲಿ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಒಬ್ಬಳೇ ಮಗಳು ನರ್ಸಿಂಗ್ ಓದುತ್ತಿದ್ದಳು. ಕಾಕು ಸ್ಟೇಷನ್ ರಸ್ತೆಯ ಅಂಗಡಿಯೊಂದರಲ್ಲಿ ಪರದೆ, ಸೋಫಾ ಕವರು ಹೊಲಿಯುತ್ತಿದ್ದಳು. ನಮ್ಮಲ್ಲಿಗೆ ಬಂದ ದಿನ ಆಕೆಯ ಸಾಮಾನಿನಲ್ಲಿ ಟ್ರಂಕು ಎರಡು, ಚಿಂದಿ ತುಂಬಿದ ಗೋಣಿಚೀಲ ಐದು.

ಬಾಡಿಗೆಗೆ ಬರುವ ಎಲ್ಲರಿಗೂ ನಮ್ಮಪ್ಪ ಓದಿ ಹೇಳುವ ಮಂತ್ರವೊಂದಿತ್ತು. ಆ ದಿನವೂ ಹೇಳಿದ.

"ನೋಡವಾ, ಬಾಡಗಿ ಎರಡ ದಿನ ತಡಾ ಆದ್ರ ನಡೀತೈತಿ. ಗ್ವಾಡಿಗೆ ಮಾತ್ರ ಒಂದ ಮೊಳಿ ಬೀಳಬಾರ್ದು. ಮೊನ್ನೆ ಬಣ್ಣಾ ಹೊಡಿಸೇನಿ."

"ಅಣ್ಣಾರ, ಇದರ ಹಿಂದ ಆರು ಮನಿ ಮಾಡೇನ್ರಿ. ಯಾರ ಗ್ವಾಡಿಗೂ ಮೊಳಿ ಹೊಡದಾಕಿ ಅಲ್ಲ ನಾ. ಬೇಕಾರ ಹಿಂದಿನ ಮಾಲಕರ್ನ ಕೇಳ್ರಿ," ಎಂದಳು ಕಾಕು.

ಅಪ್ಪ ನಿಜವಾಗಿಯೂ ಫೋನ್ ಹಚ್ಚಿ ಕೇಳಿದ. ನಮ್ಮೂರಿನ ಮಾಲೀಕರು ಹೆಣ್ಣು ನೋಡುವಾಗ ಸಹ ಇಷ್ಟು ವಿಚಾರಿಸುವುದಿಲ್ಲ. ಆ ಕಡೆಯವರು "ಗ್ವಾಡಿ ಕನ್ನಡಿ ಇದ್ದಂಗ ಬಿಟ್ಟು ಹೋಗ್ಯಾಳ್ರಿ" ಎಂದಿದ್ದಕ್ಕೆ ಕಾಕುವಿಗೆ ನಮ್ಮ ಮನೆ ಸಿಕ್ಕಿತು. ಮನೆಯಿಂದ ಮನೆಗೆ ಹೋಗಲು ಆಕೆಯ ಬಳಿ ಇದ್ದ ಚೀಟಿ ಅದೊಂದೇ. ಯಾರ ಗೋಡೆಗೂ ತೂತು ಬಿದ್ದಿಲ್ಲ ಎಂಬ ಮಾತು.

ಇನ್ನು ಆ ಕೋಣೆಗಳನ್ನು ಆಕೆ ಏನು ಮಾಡಿದಳೆಂದು ಹೇಳಬೇಕು. ಕಿಟಕಿಯ ಸರಳಿನಿಂದ ಎದುರಿನ ಗವಾಕ್ಷಿಯ ಸರಳಿಗೆ ಎರಡು ಬಿದಿರು ಅಡ್ಡ ಹಾಕಿದಳು. ಛತ್ತಿನಲ್ಲಿ ಮೊದಲೇ ಇದ್ದ ಫ್ಯಾನಿನ ಕೊಂಡಿಗೆ ಒಂದು ಹಗ್ಗ ಕಟ್ಟಿದಳು. ಮುಂದಿನದೆಲ್ಲ ಇವುಗಳಿಂದಲೇ ಇಳಿಬಿದ್ದದ್ದು. ಅಂಗಡಿಯಲ್ಲಿ ಉಳಿದ ಪರದೆ ಬಟ್ಟೆಯ ಗಿಳಿಗಳು, ಒಂದರ ಕೆಳಗೊಂದು. ಜೋಳದ ದಂಟು ಹೆಣೆದ ತೋರಣ. ತಿಕೋಟಾ ಕಡೆಯಿಂದ ದ್ರಾಕ್ಷಿ ಹೇರಿಕೊಂಡು ಬರುವಾಗ ಗಂಡ ಹರಿದ ರಟ್ಟಿನ ಪೆಟ್ಟಿಗೆಗಳನ್ನು ತರುತ್ತಿದ್ದ. ಅವಕ್ಕೆ ಮೈದಾ ಅಂಟು ಹಚ್ಚಿ, ಹಳೆಯ ಇಳಕಲ್ ಸೀರೆಯ ದಡಿ ಸುತ್ತಿ, ತೂಗುವ ಗೂಡು ಮಾಡಿ ಅದರಲ್ಲಿ ದೇವರನ್ನೂ ಮಗಳ ಪುಸ್ತಕವನ್ನೂ ಕೂರಿಸಿದಳು. ಅಂಥದೇ ಇನ್ನೊಂದು ರಟ್ಟಿನ ಡಬ್ಬಿಗೆ ಸೂಜಿಯಿಂದ ನೂರಾರು ತೂತು ಚುಚ್ಚಿ ಬಲ್ಬಿನ ಮೇಲೆ ಇಳಿಬಿಟ್ಟಾಗ, ಗೋಡೆಯ ತುಂಬ ಬೆಳಕಿನ ಚುಕ್ಕೆಯ ರಂಗೋಲಿ ಬೀಳುತ್ತಿತ್ತು. ಗೋಡೆಗೆ ಏನೂ ಅಂಟಿರಲಿಲ್ಲ, ಆದರೂ ಗೋಡೆ ತುಂಬಿರುತ್ತಿತ್ತು.

"ಗ್ವಾಡಿ ಮಂದೀದು, ಗಾಳಿ ನಮ್ಮದು ತಮ್ಮಾ," ಎನ್ನುತ್ತಿದ್ದಳು. "ಗಾಳ್ಯಾಗ ಏನರ ತೂಗಬಿಟ್ರ ಯಾವ ಮಾಲಕ ಏನ್ ಅಂತಾನ?"

ನಾನಾಗ ಬಿ.ಎಡ್. ಮುಗಿಸಿ ಖಾಸಗಿ ಶಾಲೆಯೊಂದರಲ್ಲಿ ಮೇಷ್ಟ್ರಾಗಿದ್ದೆ. ಶಾಲೆಯ ವಾರ್ಷಿಕ ಗ್ಯಾದರಿಂಗಿಗೆ ಹಾಲ್ ಸಿಂಗರಿಸುವ ಕೆಲಸ ತಲೆಗೆ ಬಿದ್ದಾಗಲೆಲ್ಲ ಮೇಲೆ ಓಡುತ್ತಿದ್ದೆ. ಒಂದೇ ಗಂಟನ್ನು ಆಕೆ ನನಗೆ ಎಂಟು ದಿನ ಕಲಿಸಿದಳು. ಭಾರ ಹೊರಬೇಕು, ಆದರೆ ತುದಿ ಹಿಡಿದು ಒಮ್ಮೆ ಜಗ್ಗಿದರೆ ಪೂರ್ತಿ ಬಿಚ್ಚಬೇಕು. ನಾನು ಕಟ್ಟಿದ್ದು ಬಿಚ್ಚುತ್ತಲೇ ಇರಲಿಲ್ಲ. "ಕಟ್ಟೂದು ಎಲ್ಲಾರೂ ಕಟ್ಟತಾರ. ಬಿಚ್ಚಾಕ ಬರೂ ಹಂಗ ಕಟ್ಟಬೇಕು. ನೀ ಸ್ವಂತ ಮನ್ಯಾಗ ಹುಟ್ಟೀದಿ, ನಿನಗೆಲ್ಲಿ ತಿಳೀಬೇಕು," ಎಂದು ನಗುತ್ತಿದ್ದಳು. ಆ ಮಾತಿನಲ್ಲಿ ಏನಿತ್ತೆಂದು ನನಗೆ ಆಗ ತಿಳಿಯಲಿಲ್ಲ.

ಆಕೆ ಇನ್ನೊಂದು ಮಾತು ಹೇಳುತ್ತಿದ್ದಳು. "ಮನಿ ಛಲೋ ಕಾಣಾಕ ಹತ್ತಿತಂದ್ರ ಮಾಲಕರ ಮಗನ ಲಗ್ನ ಕೂಡಿ ಬರ್ತೈತಿ." ಆರು ಮನೆಗಳಲ್ಲಿ ನಾಲ್ಕನ್ನು ಆಕೆ ಬಿಟ್ಟದ್ದು ಇದೇ ಕಾರಣಕ್ಕೆ. ಹಾಳು ಸುರಿಯುವ ಕೋಣೆಗಳನ್ನು ಹಿಡಿದು, ಕೈಯಾರೆ ಸಿಂಗಾರ ಮಾಡಿ, ನೋಡಿದವರು ಹೌದೆನ್ನುವ ಹೊತ್ತಿಗೆ ಮಾಲೀಕರಿಗೆ ಮಗನ ನೆನಪಾಗುತ್ತಿತ್ತು. ನಾವು ಅಂಥವರಲ್ಲ ಎಂದು ನಾನು ಎದೆ ತಟ್ಟಿಕೊಂಡು ಹೇಳಿದ್ದೆ.

ಒಂದು ಭಾನುವಾರ ಬಬಲೇಶ್ವರದಿಂದ ಹೆಣ್ಣಿನ ಕಡೆಯವರು ನಮ್ಮ ಮನೆ ನೋಡಲು ಬಂದರು. ಕೆಳಗೆ ನೋಡುವಂಥದ್ದೇನಿತ್ತು? ಮೂರು ಕ್ಯಾಲೆಂಡರು, ಪ್ಲಾಸ್ಟಿಕ್ ಹಾಳೆ ಇನ್ನೂ ತೆಗೆಯದ ಸೋಫಾ. ಅವ್ವ ಅವರನ್ನು ನೆಟ್ಟಗೆ ಮೇಲೆ ಕರೆದುಕೊಂಡು ಹೋದಳು. ಬಂದವರೆಂದರೆ ಕಾಕುವಿಗೆ ಹಿಗ್ಗು. ಕಿಟಕಿಗೆ ಪರದೆ ಎಳೆದು, ಬಲ್ಬು ಹಾಕಿ ಚುಕ್ಕೆ ತೋರಿಸಿದಳು. ಎಲ್ಲರಿಗೂ ಚಹಾ ಮಾಡಿದಳು. ಹುಡುಗಿಯ ತಾಯಿ ಗಿಳಿಗಳನ್ನು ಮುಟ್ಟಿ ಮುಟ್ಟಿ ನೋಡಿ, "ನಮ್ಮ ಹುಡುಗಿ ಇಲ್ಲೇ ಇರ್ತಾಳಲ್ರೀ?" ಎಂದರು.

"ಮತ್ತೆಲ್ಲಿರಿ? ಮ್ಯಾಲಿಂದು ಅವರಿಬ್ಬರಿಗೇ ಐತಿ," ಎಂದಳು ಅವ್ವ.

ಕಾಕು ಚಹಾದ ತಾಟು ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದಳು. ಆ ಮನೆಯಲ್ಲಿ ಇರುವವಳು ಆಕೆ ಎಂದು ಬಂದವರಿಗೆ ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಸಂಜೆ ಮೆಟ್ಟಿಲಲ್ಲಿ ಸಿಕ್ಕಾಗ, "ನಾ ಹೇಳಿದ್ದಿಲ್ಲೇನ? ಈ ಸಲ ನಿಂದು," ಎಂದು ನನ್ನ ಬೆನ್ನು ಚಪ್ಪರಿಸಿ ಹೋದಳು.

ಅಪ್ಪ ಒಂದು ತಿಂಗಳು ಗಡುವು ಕೊಟ್ಟ. ತಿಂಗಳು ಮುಗಿಯುವ ಮೊದಲೇ ಕಾಕು ಸ್ಟೇಷನ್ ರಸ್ತೆಯ ಹಿಂದೆ, ಕೆಲಸಕ್ಕೆ ನಡೆದು ಹೋಗುವಷ್ಟು ಹತ್ತಿರ, ಒಂದು ಮನೆ ಗೊತ್ತು ಮಾಡಿಕೊಂಡಳು. ಬಿಡುವ ದಿನ ಗಂಟುಗಳ ತುದಿ ಹಿಡಿದು ಒಂದೊಂದಾಗಿ ಜಗ್ಗಿದಳು. ನಾಲ್ಕು ವರ್ಷದ ಸಿಂಗಾರ ಒಂದೂವರೆ ತಾಸಿನಲ್ಲಿ ಐದು ಗೋಣಿಚೀಲಕ್ಕೆ ಇಳಿಯಿತು. ಗೋಡೆಯ ಮೇಲೆ ಒಂದು ಗೀರೂ ಇರಲಿಲ್ಲ.

ಆಮೇಲೆ ಅಪ್ಪ ಟಾರ್ಚ್ ಹಿಡಿದು ಬಂದ. ಹಾಡಹಗಲು ಟಾರ್ಚ್! ದನದ ಮೈ ಸವರುವಂತೆ ಗೋಡೆ ಸವರುತ್ತಾ ಹೋದ. ನನಗೆ ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಕಿಟಕಿಯ ಬಲಕ್ಕೆ ಅವನ ಬೆರಳು ನಿಂತಿತು.

"ಏನವಾ ಇದು?"

ಒಂದು ತೂತು. ಮೊಳೆಯದೇ ತೂತು.

"ಅಣ್ಣಾರ, ಅದು ನಾ ಹೊಡದದ್ದಲ್ರಿ."

"ಮತ್ತ ಗ್ವಾಡಿ ತಾನ ತೂತು ಮಾಡ್ಕೊಂತೇನು? ಕನ್ನಡಿ ಇದ್ದಂಗ ಇಡ್ತೇನಿ ಅಂತ ಬಂದಾಕಿ ನೀನು."

ಕಾಕು ನನ್ನ ಕಡೆ ಒಮ್ಮೆ ನೋಡಿದಳು. ನಾನು ಬಾಗಿಲಲ್ಲಿ ಆಕೆಯ ಟ್ರಂಕು ಹಿಡಿದು ನಿಂತಿದ್ದೆ.

ಆ ಮೊಳೆ ಹೊಡೆದದ್ದು ನಾನು. ಪಿಯುಸಿಯಲ್ಲಿದ್ದಾಗ ಅದು ನನ್ನ ಓದುವ ಕೋಣೆ. ಕ್ರಿಕೆಟ್ ಆಟಗಾರನೊಬ್ಬನ ಚಿತ್ರ ತೂಗುಹಾಕಲು ಹೊಡೆದು, ಅಪ್ಪ ನೋಡುತ್ತಾನೆಂದು ಹೆದರಿ ಕಿತ್ತು, ತೂತಿಗೆ ಹಲ್ಲುಜ್ಜುವ ಪೇಸ್ಟ್ ತುಂಬಿದ್ದೆ. ಅದರ ಮೇಲೆ ಬಣ್ಣವೂ ಬಂತು. ಒಳಗಿನ ಪೇಸ್ಟ್ ಒಣಗಿ ಉದುರಿ ತೂತು ಮತ್ತೆ ಬಾಯಿಬಿಟ್ಟಿತ್ತು. ಇಪ್ಪತ್ತೆಂಟು ವರ್ಷದ ಗಂಡಸು, ಊರ ಮಕ್ಕಳಿಗೆ ಸತ್ಯ ಹೇಳಬೇಕೆಂದು ಪಾಠ ಮಾಡುವವನು, "ಅದು ನಂದು" ಎಂಬ ಎರಡು ಪದ ಹೇಳಲಿಲ್ಲ. ಮದುವೆಯ ಮುಂದೆ ಮನೆಯಲ್ಲಿ ರಂಪ ಯಾಕೆ ಎಂದುಕೊಂಡೆ. ಹೇಡಿಗೆ ನೆಪಗಳೇನು ಕಡಿಮೆಯೇ?

ಅಷ್ಟಕ್ಕೇ ಮುಗಿದಿದ್ದರೆ ಬೇರೆ ಮಾತು. ಮರುದಿನ, ಕೀಲಿ ಕೊಡುವ ಮೊದಲು ವಿಚಾರಿಸಲೆಂದು ಸ್ಟೇಷನ್ ರಸ್ತೆಯ ಮನೆಯ ಮಾಲೀಕನ ಫೋನ್ ಬಂತು. ಅಪ್ಪ ಊಟಕ್ಕೆ ಕುಳಿತವನು ಎಡಗೈಯಲ್ಲಿ ಫೋನ್ ಹಿಡಿದು, "ಮಂದಿ ಛಲೋ ಅದಾರ್ರಿ, ಆದ್ರ ಗ್ವಾಡಿ ಕಡೆ ಜರಾ ನಿಗಾ ಇಡ್ರಿ. ಮೊಳಿ ಹೊಡೀತಾರ" ಎಂದ. ನಾನು ಎದುರಿಗೇ ರೊಟ್ಟಿ ಮುರಿಯುತ್ತಿದ್ದೆ. ಆಗಲೂ ಬಾಯಿ ಬಿಡಲಿಲ್ಲ, ರೊಟ್ಟಿಗೆ ಮಾತ್ರ ಬಿಟ್ಟೆ. ಆ ಮನೆ ಕಾಕುವಿಗೆ ತಪ್ಪಿತು. ನಡುವೆ ಮೂರು ದಿನ ಸಾಮಾನು ಅಂಗಡಿಯ ಹಿಂದಿನ ಶೆಡ್ಡಿನಲ್ಲಿತ್ತಂತೆ. ಆಮೇಲೆ ತಿಕೋಟಾದಲ್ಲಿ ಗಂಡನ ಗುರುತಿನವರ ಮನೆ ಸಿಕ್ಕಿ, ದಿನವೂ ಬಸ್ಸಿನಲ್ಲಿ ನಿಂತುಕೊಂಡು ಕೆಲಸಕ್ಕೆ ಬಂದು ಹೋಗುವುದಾಯಿತು.

ನಮ್ಮ ಮದುವೆಗೆ ಬೀಗರು ಟಿವಿ, ಕನ್ನಡಿ, ಗೋಡೆ ಕಪಾಟು ಎಲ್ಲ ಕೊಟ್ಟರು. ಅದೇ ಅಪ್ಪ ಡ್ರಿಲ್ ಮಷೀನಿನವನನ್ನು ಕರೆಸಿ, ತಾನೇ ಮುಂದೆ ನಿಂತು, "ಇಲ್ಲಿ ಹಾಕಪಾ, ಇನ್ನ ಸ್ವಲ್ಪ ಮ್ಯಾಲ" ಎಂದು ಹೇಳಿ ತೂತು ಕೊರೆಸಿದ. ಹದಿನೇಳು ತೂತು. ನಾನು ಎಣಿಸಿದ್ದೇನೆ. ಗೋಡೆ ಅಳಲಿಲ್ಲ, ಅಪ್ಪನೂ ಅಳಲಿಲ್ಲ. ಹೆಂಡತಿ ಮೊದಲ ದಿನ ಮೇಲೆ ಬಂದು ಸುತ್ತಲೂ ನೋಡಿ, "ಆ ಗಿಳಿ ಎಲ್ಲಾ ಎಲ್ಲಿ ಹೋದೂರಿ?" ಎಂದು ಕೇಳಿದಳು. ಬಾಡಿಗೆಯವರದ್ದು ಎಂದೆ. "ಅವನ್ನ ನೋಡೇ ನಮ್ಮವ್ವ ಹೂಂ ಅಂದಿದ್ಲು," ಎಂದಳು. ನಾನು ಸ್ಟೇಷನ್ ರಸ್ತೆಗೆ ಹೋಗಿ ಪ್ಲಾಸ್ಟಿಕ್ ಹೂವಿನ ತೋರಣ ತಂದು ಕಟ್ಟಿದೆ. ಧೂಳು ಹಿಡಿದು ಈಗಲೂ ಅಲ್ಲೇ ಇದೆ, ಗಂಟು ಬಿಚ್ಚುತ್ತಿಲ್ಲ.

ಆರು ವರ್ಷದ ಮೇಲೆ ಕಾಕುವಿನ ಫೋನ್ ಬಂತು. ಮಗಳಿಗೆ ಆಸ್ಪತ್ರೆಯಲ್ಲಿ ಕೆಲಸವಾಗಿತ್ತು, ತಿಕೋಟಾದಲ್ಲಿ ಎರಡು ಕೋಣೆಯ ಸ್ವಂತ ಮನೆ ಕಟ್ಟಿದ್ದರು. "ನಿನ್ನ ಹೆಂಡ್ತೀನ ಕರ್ಕೊಂಡ ಬಾ, ಗಿಳಿ ನೋಡ್ಲಿ," ಎಂದಳು. ಹೋದೆವು. ಬಿದಿರು, ಗಿಳಿ, ರಟ್ಟಿನ ಗೂಡು ಎಲ್ಲ ಮೊದಲಿನಂತೆಯೇ ಗಾಳಿಯಲ್ಲಿ ತೂಗುತ್ತಿದ್ದವು. ಬಾಗಿಲ ಎದುರಿನ ಗೋಡೆ ನೋಡಿ ಮಾತ್ರ ನಾನು ನಿಂತುಬಿಟ್ಟೆ. ಅದರ ತುಂಬ ಮೊಳೆ. ಸಣ್ಣವು, ದೊಡ್ಡವು, ಡೊಂಕಾದವು, ಎಷ್ಟೆಂದು ಲೆಕ್ಕವಿಲ್ಲ. ಒಂದಕ್ಕೂ ಏನನ್ನೂ ತೂಗುಹಾಕಿರಲಿಲ್ಲ.

"ಇವಕ್ಕ ಏನ ಹಾಕ್ತೀರಿ ಕಾಕೂ?"

"ಏನೂ ಇಲ್ಲ. ಹೊಡಿಯೂ ಸಲುವಾಗೇ ಹೊಡದೇನಿ." ಕಚ್ಚು ಬಿದ್ದ ಹಲ್ಲು ತೋರಿಸಿ ನಕ್ಕಳು. "ಗ್ವಾಡಿ ನಂದು, ಮೊಳಿ ನಂದು, ಸುತ್ತಿಗಿ ನಂದು. ಬ್ಯಾಸರಾದಾಗೊಮ್ಮೆ ಒಂದ ಹೊಡೀತೇನಿ. ನಮ್ಮವರು ಹುಚ್ಚು ಹಿಡದೈತಿ ಅಂತಾರ."

ಹೆಂಡತಿ ಮಗಳ ಜೊತೆ ಒಳಗೆ ಹೋದಾಗ ನಾನು ಹೇಳಿದೆ. ಆ ತೂತು ನನ್ನದು ಎಂದೆ. ಆರು ವರ್ಷ ಒಳಗಿಟ್ಟುಕೊಂಡಿದ್ದ ಮಾತು ಹೊರಬರಲು ಅರ್ಧ ನಿಮಿಷವೂ ಬೇಕಾಗಲಿಲ್ಲ.

"ಗೊತ್ತೈತಿ," ಎಂದಳು ಕಾಕು. "ಬಂದ ವರ್ಷಾನ ಪೇಸ್ಟ್ ಉದುರಿತ್ತು. ಬಾಡಗಿ ಮಂದಿ ಆಗಿದ್ರ ಅಂಜಿ ಬಿಳಿ ಸಿಮೆಂಟ್ ತಂದು ತುಂಬತಿದ್ರು. ಪೇಸ್ಟ್ ತುಂಬಿ ಪಾರಾಗಾಂವ ಮಾಲಕರ ಮಗನ ಇರಬೇಕು."

"ಮತ್ತ ಆ ದಿನ ಯಾಕ ಹೇಳಲಿಲ್ರಿ?"

ಆಕೆ ಡೊಂಕಾದ ಮೊಳೆಯೊಂದರ ಮೇಲೆ ಬೆರಳು ಆಡಿಸಿದಳು.

"ನೀ ಹೇಳ್ತಿ ಅಂತ ನಿಂತಿದ್ದೆ ತಮ್ಮಾ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆಕೆ ಬೈಯಲಿಲ್ಲ, ಒಳಗೆ ಹೋಗಿ ಚಹಾ ತಂದಳು, ಅಂದು ಬೀಗರಿಗೆ ತಂದಂತೆಯೇ.

ಈ ವರ್ಷ ಯುಗಾದಿಯ ಮುಂದೆ ಕಾಕು ತೀರಿಕೊಂಡಳು. ಎದೆನೋವು. ತಿಕೋಟಾದಿಂದ ವಿಜಯಪುರಕ್ಕೆ ತರುವಷ್ಟರಲ್ಲಿ ಮುಗಿದಿತ್ತು. ಮಣ್ಣು ಮುಗಿಸಿ ಬಂದ ದಿನವೇ ನಾನು ಅಪ್ಪನ ಎದುರು ನಿಂತು, ಕಿಟಕಿ ಪಕ್ಕದ ಮೊಳೆ ನಾನು ಹೊಡೆದದ್ದು ಎಂದು ಹೇಳಿದೆ. ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. "ಹೋದಾಕಿ ಹೋದ್ಲು. ಸಣ್ಣ ತೂತಿನ ಮಾತು, ಈಗ್ಯಾಕ ತಗೀತಿ?" ಎಂದ.

ಸಣ್ಣ ತೂತೇ. ಅದರೊಳಗೆ ಒಬ್ಬ ಹೆಣ್ಣುಮಗಳ ಇಪ್ಪತ್ತು ವರ್ಷದ ಮಾತು ಹೋಯಿತು. ಆಕೆ ಮೊಳೆ ಹೊಡೆಯುತ್ತಾಳೆಂದು ಅಪ್ಪ ಫೋನಿನಲ್ಲಿ ಊರಿಗೆ ಹೇಳಿದ್ದ. ನಾನು ಅವನಿಗೊಬ್ಬನಿಗೆ ಹೇಳಿದರೆ ಸಾಲುವುದಿಲ್ಲ. ಅದಕ್ಕೇ ಇದನ್ನು ಬರೆದದ್ದು. ಕಾಕು ಎಂಟು ಬಾಡಿಗೆ ಮನೆಗಳಲ್ಲಿ ಬಾಳಿದಳು, ಎಂಟರಲ್ಲೂ ಒಂದೂ ಮೊಳೆ ಹೊಡೆಯಲಿಲ್ಲ. ಸೊಲ್ಲಾಪುರ ರಸ್ತೆಯ ಮನೆಯ ಮೇಲಿನ ಕೋಣೆಯಲ್ಲಿ, ಕಿಟಕಿಯ ಬಲಕ್ಕಿರುವ ತೂತು ನನ್ನದು.