ಮೂರು ತಿಂಗಳೂ ತುಂಬದ ಮೇಷ್ಟ್ರು ದೊರೆ

ಆ ಸಿಪಾಯಿಗಳ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ರೋಮು ಯಾವ ದಿಕ್ಕಿಗಿದೆಯೋ ನಾನು ಕಾಣೆ, ಓದಿದ್ದು ನಾಲ್ಕನೇ ಕ್ಲಾಸು. ಆದರೆ ಅನ್ಯಾಯ ಎಲ್ಲಿ ನಡೆದರೂ ಅನ್ಯಾಯವೇ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷ ಆಗಿತ್ತು. ಸಿಡ್ನಿಯಲ್ಲಿ, ಬ್ಲ್ಯಾಕ್‌ಟೌನ್‌ನ ಮಗನ ಮನೆಯಲ್ಲಿದ್ದೆ. ಬಂದು ಎರಡು ತಿಂಗಳಾದರೂ ಒಂಬತ್ತು ವರ್ಷದ ಮೊಮ್ಮಗಳು ನನ್ನ ಜೊತೆ ಒಂದು ಪೂರ್ತಿ ಮಾತು ಕನ್ನಡದಲ್ಲಿ ಆಡಿರಲಿಲ್ಲ. ನಾನು ಹೇಳಿದ್ದೆಲ್ಲ ಅವಳಿಗೆ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷು. ಮುಂದಿನ ವಾರ ಮೆಲ್ಬರ್ನ್‌ಗೆ, ಮಗಳ ಮನೆಗೆ ಹೊರಡಬೇಕಿತ್ತು. ಅಲ್ಲಿಂದ ಹಾಗೇ ಊರಿಗೆ. ಮಗುವಿನ ಬಾಯಿಂದ ನಾಲ್ಕು ಮಾತು ಕೇಳದೆ ಹೋಗುತ್ತೀನಲ್ಲ ಅಂತ ಕೊರಗುತ್ತಿದ್ದೆ.

ಒಂದು ದಿನ ಸ್ಕೂಲಿಂದ ಬಂದವಳು ಕಾಗದ ಹಿಡಿದು ಎದುರಿಗೆ ನಿಂತಳು. ಕ್ಲಾಸಿನಲ್ಲಿ ರೋಮಿನ ಯಾವುದೋ ರಾಜನ ಬಗ್ಗೆ ಮಾತಾಡಬೇಕಂತೆ, ಮೊದಲು ಯಾರ ಮುಂದಾದರೂ ಅಭ್ಯಾಸ ಮಾಡಬೇಕಂತೆ. ಅಪ್ಪ ನಾರ್ತ್ ಸಿಡ್ನಿಯಲ್ಲಿ, ಅಮ್ಮ ಮ್ಯಾಕ್ವೆರಿ ಪಾರ್ಕ್‌ನಲ್ಲಿ, ಇಬ್ಬರೂ ಆಫೀಸಿಂದ ಬಂದಿರಲಿಲ್ಲ. ಉಳಿದವಳು ನಾನೊಬ್ಬಳೇ. ಇಂಗ್ಲಿಷಿನಲ್ಲಿ ಓದತೊಡಗಿದಳು. ಕತೆ ಹೇಳುವಾಗ ಎದುರು ಕೂತವರು ಹೂಂಗುಟ್ಟದಿದ್ದರೆ ಕತೆಗೇ ಅವಮಾನ. ಹುರುಳಿಕಾಯಿ ನಾರು ತೆಗೆಯುತ್ತ, ಅವಳು ಉಸಿರು ತೆಗೆದುಕೊಂಡಲ್ಲೆಲ್ಲ ಹೂಂ, ಹೂಂ ಅಂದೆ.

ಸಟ್ಟನೆ ಕಾಗದ ಕೆಳಗಿಟ್ಟಳು. "ಅಜ್ಜಿ! ಅವನನ್ನ ಕಿಲ್ ಮಾಡಿದ್ರು. ಅದಕ್ಕೂ ಹೂಂ ಅಂತೀಯ!"

"ಅಯ್ಯೋ, ಯಾರನ್ನೇ? ನಿನ್ನ ಟಸ್ ಪುಸ್ಸು ನನಗೆಲ್ಲಿ ಗೊತ್ತಾಗತ್ತೆ? ತಿಳಿಯೋ ಹಾಗೆ ಹೇಳು."

ಹೇಳಿದಳು, ತಡವರಿಸಿಕೊಂಡು, ಮಾತು ಸಿಗದಲ್ಲಿ ಕೈ ಆಡಿಸಿಕೊಂಡು. ಜೀತದಿಂದ ಬಿಡುಗಡೆಯಾದವನ ಮಗ ಅವನು. ಮೊದಲು ಮೇಷ್ಟ್ರು, ಆಮೇಲೆ ದಂಡಿಗೆ ಸೇರಿ ಮೇಲೆ ಬಂದ. ಕೆಟ್ಟ ರಾಜನೊಬ್ಬ ಹೋದ ಮೇಲೆ, ಮುದಿವಯಸ್ಸಿನಲ್ಲಿ ಅವನನ್ನೇ ದೊರೆ ಮಾಡಿದರು. ಅರಮನೆ ಕಾಯುವ ಸಿಪಾಯಿಗಳು ಆಡಿದ್ದೇ ಆಟವಾಗಿತ್ತು, ನೆಟ್ಟಗಿರಿ ಅಂದ. ಅಷ್ಟೇ ಅವನ ತಪ್ಪು! ಮೂರು ತಿಂಗಳೂ ತುಂಬಿರಲಿಲ್ಲ, ಕತ್ತಿ ಹಿರಿದು ನುಗ್ಗಿದರು. ಓಡದೆ ಎದುರು ನಿಂತು ಬುದ್ಧಿ ಹೇಳಿದವನನ್ನು ಕಡಿದು ಹಾಕಿದರು.

"ಅವರ ಕೈ ಸೇದಿಹೋಗ! ಮೇಷ್ಟ್ರನ್ನ ಕೊಂದ್ರಾ? ಅರಮನೇಲಿ ಬೇರೆ ಯಾರೂ ಇರಲಿಲ್ವಾ?"

"ಎಲ್ಲಾರೂ ಓಡೋದ್ರು ಅಜ್ಜಿ."

"ಓಡೋದ್ರಾ! ಉಂಡ ಮನೆ ಬಿಟ್ಟು?"

"ನನ್ನ ಯಾಕೆ ಬೈತೀಯ? ನಾನಾ ಓಡಿದ್ದು? ಇನ್ನೂ ಕೇಳು, ಆಮೇಲೆ ಕೊಂದವರೇ ರಾಜನ ಕುರ್ಚೀನ ಆಕ್ಷನ್ ಮಾಡಿದ್ರು, ಜಾಸ್ತಿ ದುಡ್ಡು ಕೊಟ್ಟವನಿಗೆ. ನಮ್ಮ ಸ್ಟ್ರೀಟಲ್ಲಿ ಮನೆ ಆಕ್ಷನ್ ಮಾಡಿದ್ರಲ್ಲ, ಹಾಗೆ."

ಹುರುಳಿಕಾಯಿ ಪಕ್ಕಕ್ಕೆ ತಳ್ಳಿ ಎದ್ದೆ. ನಾನು ಕೂಗಾಡುತ್ತಿರುವಾಗಲೇ ಸೊಸೆ ಬಾಗಿಲು ತೆಗೆದು ಬಂದಳು.

"ಅತ್ತೆ, ಏನಾಯ್ತು? ಬೀದಿಗೆಲ್ಲ ಕೇಳ್ತಿದೆ!"

"ಮೇಷ್ಟ್ರನ್ನ ಕೊಂದ್ಬಿಟ್ರಮ್ಮ, ಪಾಪಿಗಳು!"

"ಯಾವ ಮೇಷ್ಟ್ರನ್ನ?" ಅವಳ ಮುಖ ಬೆಳ್ಳಗಾಯಿತು.

"ಅಮ್ಮ, ಅದು ರೋಮಲ್ಲಿ. ಅಜ್ಜಿಗೆ ತುಂಬಾ ಕೋಪ ಬಂದಿದೆ. ನಾನು ಕೊಂದಿಲ್ಲ ಅಂತ ನೀನೇ ಹೇಳು."

ಮಗಳ ಕನ್ನಡ ಕೇಳಿ ಸೊಸೆ ಏನೋ ಹೇಳಹೊರಟಳು. ನಾನು ಕಣ್ಣಲ್ಲೇ ಸುಮ್ಮನಿರು ಅಂದೆ. ಕನ್ನಡ ಆಡ್ತಿದೀಯ ಅಂತ ಎತ್ತಿ ಹೇಳಿದರೆ ಮಗು ಎಲ್ಲಿ ನಾಚಿ ನಿಲ್ಲಿಸಿಬಿಡುತ್ತದೋ ಅಂತ.

ಮೆಲ್ಬರ್ನ್‌ಗೆ ಹೋದ ನಾಲ್ಕನೇ ದಿನ ಫೋನು ಬಂತು. "ಅಜ್ಜಿ, ಕುರ್ಚಿ ತಗೊಂಡನಲ್ಲ, ಅವನನ್ನೂ ಕೊಂದ್ರು. ಹೇಳ್ಲಾ?"

"ಅವರಿಗೇನು ಬೇರೆ ಕಸುಬೇ ಇಲ್ವೇನೇ? ಹೇಳು, ಹೇಳು!" ಅಂತ ಗದರಿ, ಕಣ್ಣೊರೆಸಿಕೊಳ್ಳುತ್ತ ಅಲ್ಲೇ ನೆಲದ ಮೇಲೆ ಕೂತೆ.